ಅನುವಾದದ ಹೊತ್ತಿನಲ್ಲಿ ನಿಂತ ಪೆನ್ಸಿಲ್

೧೯೭೯ರಲ್ಲಿ ನಾನು ಬೆಳಗಾವಿಯಲ್ಲಿ ಸರ್ಕಾರಿ ಕನ್ನಡ ಶೀಘ್ರಲಿಪಿಗಾರನಾಗಿದ್ದೆ. ಹೊರ ಊರಿನ ಭಾಷಣಕಾರರು ಬಂದು ರಾಜಕೀಯ, ಸಮಾಜದ ವಿಷಯ ಮಾತಾಡುವ ಸಾರ್ವಜನಿಕ ಸಭೆಗಳಿಗೆ ಹೋಗಿ, ವೇದಿಕೆಯ ಕೆಳಗೆ ಒಂದು ಮೇಜು ಹಾಕಿಸಿಕೊಂಡು, ಆಡಿದ ಮಾತನ್ನೆಲ್ಲ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ಮರುದಿನ ಅದನ್ನು ಟೈಪ್ ಮಾಡಿ, ಕೊನೆಯಲ್ಲಿ ‘ಇದು ಪೂರ್ಣ ಹಾಗೂ ಯಥಾವತ್ತಾದ ವರದಿ’ ಎಂದು ಸಹಿ ಹಾಕಬೇಕು. ಮುಂದೆ ಭಾಷಣದ ಬಗ್ಗೆ ತಕರಾರು ಎದ್ದರೆ ಆ ವರದಿಯೇ ದಾಖಲೆ. ನಿಮಿಷಕ್ಕೆ ನೂರು ಶಬ್ದ ನನ್ನ ವೇಗ. ಒಂಬತ್ತು ವರ್ಷಗಳಲ್ಲಿ ನನ್ನ ವರದಿ ತಪ್ಪೆಂದು ಯಾರೂ ಹೇಳಿರಲಿಲ್ಲ. ಹೇಳಲಾರರೆಂಬ ನಂಬಿಕೆಯೂ ನನಗಿತ್ತು.

ಹತ್ತಿರದ ಖಾನಾಪುರದಲ್ಲಿ ಮರಾಠಿ ಆಡುವವರೇ ಹೆಚ್ಚು; ಅಲ್ಲಿನ ಸಭೆಗಳಲ್ಲಿ ಒಂದು ಪದ್ಧತಿಯಿತ್ತು. ಭಾಷಣಕಾರರು ಕನ್ನಡದಲ್ಲಿ ನಾಲ್ಕು ಮಾತಾಡಿ ನಿಲ್ಲಿಸುತ್ತಾರೆ. ಊರಿನವರೊಬ್ಬರು ಅದನ್ನು ಮರಾಠಿಯಲ್ಲಿ ಹೇಳುತ್ತಾರೆ. ಆ ಹೊತ್ತು ನಮಗೆ ಕೈಯ ವಿಶ್ರಾಂತಿ. ನೋಟ್‌ಬುಕ್ಕಿನಲ್ಲಿ ಒಂದು ಸೊನ್ನೆ ಹಾಕಿ, ಪೆನ್ಸಿಲ್ ಬದಲಿಸಿ, ನೀರು ಕುಡಿಯುತ್ತಿದ್ದೆವು. ಟೈಪ್ ಮಾಡುವಾಗ ಸೊನ್ನೆ ಇದ್ದಲ್ಲೆಲ್ಲ ‘ಮೇಲಿನ ಮಾತನ್ನು ಮರಾಠಿಗೆ ಅನುವಾದಿಸಲಾಯಿತು’ ಎಂದು ಸೇರಿಸುತ್ತಿದ್ದೆವು. ಹಿರಿಯರು ಹಾಗೆ ಕಲಿಸಿದ್ದರು. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡಿ ಬೆಳೆದವನು ನಾನು. ಮರಾಠಿ ತಿಳಿಯದೆ ಬಿಟ್ಟದ್ದಲ್ಲ.

ಆ ವರ್ಷದ ಚಳಿಗಾಲದಲ್ಲಿ ಮೈಸೂರು ಕಡೆಯ ನಿವೃತ್ತ ಪ್ರಾಧ್ಯಾಪಕಿಯೊಬ್ಬರು ಖಾನಾಪುರಕ್ಕೆ ಬಂದರು. ಕಾಡಂಚಿನ ಹಳ್ಳಿಗಳಿಗೆ ಸೌದೆಯ ಮೇಲಿರುವ ಹಕ್ಕು ಅವರ ವಿಷಯ. ಲೋಂಡಾ ಕಡೆಯ ಒಂದು ಕಾಡುದಾರಿಗೆ ಅರಣ್ಯ ಇಲಾಖೆ ಆಗಷ್ಟೇ ಗೇಟು ಹಾಕಿದ್ದರಿಂದ ಹೆಂಗಸರು ಸೌದೆಹೊರೆ ತರುವುದು ನಿಂತಿತ್ತು. ಹಾಗಾಗಿ ಮೈದಾನ ತುಂಬಿತ್ತು. ಅನುವಾದಕ್ಕೆ ನಿಂತವರು ಅಲ್ಲಿನ ಶಾಲಾಶಿಕ್ಷಕ ಪರಶುರಾಮ ಮಾಸ್ತರರು. ಶುರುವಿನಲ್ಲೇ ಅವರು ನನ್ನತ್ತ ಕೈ ತೋರಿಸಿ ಪ್ರಾಧ್ಯಾಪಕಿಗೆ, “ಬಾಯಾರ, ಸಾವಕಾಶ ಮಾತಾಡ್ರಿ. ಕೆಳಗ ಸರ್ಕಾರ ಪೆನ್ಸಿಲ್ ಹಿಡಕೊಂಡು ಕುಂತೈತಿ” ಎಂದರು. ಜನ ನಕ್ಕರು. ನಾನೂ ನಕ್ಕೆ.

ಪ್ರಾಧ್ಯಾಪಕಿ ಗೇಟಿನ ವಿಷಯಕ್ಕೆ ಬಂದಾಗ ಹೇಳಿದ್ದು ನನ್ನ ನೋಟ್‌ಬುಕ್ಕಿನಲ್ಲಿದೆ: “ಗೇಟನ್ನು ಯಾರೂ ಮುಟ್ಟಬೇಡಿ. ಅರ್ಜಿ ಕೊಡಿ, ಉತ್ತರ ಬರುವವರೆಗೆ ಕೇಳುತ್ತಲೇ ಇರಿ.” ಅದರ ಮುಂದೆ ಒಂದು ಸೊನ್ನೆ.

ಎರಡು ದಿನದ ಮೇಲೆ ಗೇಟು ಕಿತ್ತುಬಿದ್ದಿತ್ತು. ಸಭೆಯಲ್ಲಿದ್ದ ಕಾಡಿನ ಕಾವಲುಗಾರನೊಬ್ಬ ದೂರು ಕೊಟ್ಟ: ಬಾಯಾರು ಕನ್ನಡದಲ್ಲಿ ಮುಟ್ಟಬೇಡಿ ಅಂದರು, ಮಾಸ್ತರ ಮರಾಠಿಯಲ್ಲಿ ‘ಕಿತ್ತುಹಾಕಿ’ ಅಂದರು. ಮಾಸ್ತರರ ಮೇಲೆ ಮೊಕದ್ದಮೆ ಬಿತ್ತು. ಶಾಲೆಯವರು ಅಮಾನತು ಮಾಡಿದರು. ಶಿಕ್ಷೆಯಾದರೆ ನೌಕರಿ ಹೋಗುವುದು ಖಂಡಿತ. ಅವರು ಹಾಗೆ ಹೇಳಲಿಲ್ಲವೆಂದ ಹಳ್ಳಿಗರು ಗೇಟು ಕಿತ್ತ ಆರೋಪದಲ್ಲಿ ತಾವೇ ಸಿಕ್ಕಿದ್ದರಿಂದ ಅವರ ಮಾತಿಗೆ ತೂಕವಿರಲಿಲ್ಲ. ಪ್ರಾಧ್ಯಾಪಕಿಗೆ ಮರಾಠಿ ಬರುತ್ತಿರಲಿಲ್ಲ. ಉಳಿದದ್ದು ನನ್ನ ವರದಿ. ಮಾಸ್ತರರ ವಕೀಲರು ನನ್ನನ್ನು ಸಾಕ್ಷಿಗೆ ಕರೆಸಿದರು.

ವಿಚಾರಣೆಗೆ ಮುನ್ನ ಮಾಸ್ತರರು ನಮ್ಮ ಮನೆಗೆ ಬಂದರು. ಆರೋಪಿ ಸಾಕ್ಷಿಯ ಮನೆಗೆ ಬರುವುದೇ ತಪ್ಪು. ಆದರೂ ಕೂರಿಸಿದೆ.

“ಸಾಹೇಬ್ರ, ನನ್ನ ನೌಕರಿ ನಿಮ್ಮ ಪೆನ್ಸಿಲ್ ಮ್ಯಾಲ ನಿಂತೈತ್ರಿ.”

“ಚಿಂತಿ ಮಾಡಬ್ಯಾಡ್ರಿ ಮಾಸ್ತರ. ಅನುವಾದ ಮಾಡಿದ್ರಿ ಅಂತ ಬರದು ಸಹಿ ಹಾಕೀನಿ. ನನ್ನ ವರದಿ ಇಲ್ಲೀತನಕ ಬಿದ್ದಿಲ್ಲ.”

ಅವರ ಮುಖ ಅರಳಿತು. “ಅಷ್ಟ ಸಾಕ್ರಿ. ಇವತ್ತ ಅನ್ನ ಇಳೀತೈತಿ.”

ಅವರು ಹೋದ ಮೇಲೆ ನೋಟ್‌ಬುಕ್ ತೆಗೆದೆ. ಇಡೀ ಭಾಷಣದಲ್ಲಿ ಹದಿನಾಲ್ಕು ಸೊನ್ನೆಗಳಿದ್ದವು. ಗೇಟಿನ ಮಾತಿನ ಮುಂದಿನ ಸೊನ್ನೆ ಅರ್ಧ ದಪ್ಪ, ಅರ್ಧ ತೆಳು. ಅಲ್ಲಿ ಮೊನೆ ಮುರಿದಿತ್ತು. ಮೇಜಿನ ಕೆಳಗೆ ಬಗ್ಗಿ ಬ್ಲೇಡಿನಿಂದ ಪೆನ್ಸಿಲ್ ಕೆತ್ತುತ್ತಿದ್ದೆ. ಜನ ಚಪ್ಪಾಳೆ ತಟ್ಟಿದ್ದು ನೆನಪಾಯಿತು. ಯಾವ ಮಾತಿಗೆ ತಟ್ಟಿದರೆಂಬುದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಮಾಸ್ತರರು ಹೇಳಿದ್ದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ.

ಕೋರ್ಟಿನಲ್ಲಿ ವರದಿ ಓದಿದರು. ಸಹಿ ನನ್ನದೆಂದು ಒಪ್ಪಿದೆ. ಸರ್ಕಾರಿ ವಕೀಲರು ಎದ್ದರು.

“ಮಾಸ್ತರ ಮರಾಠಿ ಮಾತಾಡುವಾಗ ನೀವು ಬರೀತಿದ್ರೇನು?”

“ಇಲ್ಲರಿ.”

“ಬರೀಲಿಲ್ಲ. ಕಿವಿಗೊಟ್ಟು ಕೇಳಿದ್ರಿ, ಹೌದಲ್ಲ?”

ಒಂದು ‘ಹೌದು’ ಸಾಕಿತ್ತು. ಮಾಸ್ತರರು ನನ್ನನ್ನೇ ನೋಡುತ್ತಿದ್ದರು. ಅವರು ಸರಿಯಾಗಿಯೇ ಅನುವಾದಿಸಿದ್ದಾರೆಂದು ನಾನು ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಪ್ರಮಾಣ ಮಾಡಿ ನಿಂತದ್ದು ನಂಬಿದ್ದನ್ನು ಹೇಳಲಿಕ್ಕಲ್ಲ.

“ಇಲ್ಲರಿ. ಆವಾಗ ನಾ ಪೆನ್ಸಿಲ್ ಕೆತ್ತಾಕತ್ತಿದ್ದೆ. ಕೇಳಲಿಲ್ಲ.”

“ಮತ್ತ ‘ಪೂರ್ಣ ವರದಿ’ ಅಂತ ಸಹಿ ಹಾಕೀರಲ್ಲ?”

“ತಪ್ಪಾತ್ರಿ. ಅದು ಪೂರ್ಣ ಅಲ್ಲ.”

ಹೊರಗೆ ಮಾಸ್ತರರು ನನ್ನ ಬಾಜು ಬಂದು ನಿಂತರು. ಸಿಟ್ಟಿನಿಂದಲ್ಲ, ಮೆಲ್ಲಗೆ ಕೇಳಿದರು: “ನೀವು ಸುಳ್ಳು ಹೇಳಲಿಲ್ಲ, ಖರೇ. ಆದ್ರ ಸಾಹೇಬ್ರ, ನಾ ಅಂದಿದ್ದು ಏನಂತ ಈಗ ಯಾರ ಹೇಳಬೇಕ್ರಿ?”

ಕಾವಲುಗಾರನೊಬ್ಬನ ಮಾತು ಸಾಲದೆಂದು ಮ್ಯಾಜಿಸ್ಟ್ರೇಟರು ಸಂಶಯದ ಲಾಭ ಕೊಟ್ಟು ಮಾಸ್ತರರನ್ನು ಬಿಟ್ಟರು. ನೌಕರಿ ಉಳಿಯಿತು. ಆದರೆ ‘ಹೇಳಲಿಲ್ಲ’ ಎಂಬುದಕ್ಕೂ ‘ಹೇಳಿದ್ದು ರುಜುವಾತಾಗಲಿಲ್ಲ’ ಎಂಬುದಕ್ಕೂ ಇರುವ ಅಂತರವನ್ನು ಅವರು ಸಣ್ಣ ಊರಿನಲ್ಲಿ ದಿನವೂ ಅನುಭವಿಸಬೇಕಾಯಿತು. ಮತ್ತೆಂದೂ ಅವರು ವೇದಿಕೆ ಹತ್ತಲಿಲ್ಲ. ನನಗೆ ಇಲಾಖೆಯ ಲಿಖಿತ ಎಚ್ಚರಿಕೆ ಬಂತು. ಅದು ನ್ಯಾಯವಾಗಿಯೇ ಇತ್ತು.

ಆಮೇಲೆ ನಾನು ಮರಾಠಿಯನ್ನೂ ಬರೆದುಕೊಳ್ಳುವುದು ಕಲಿತೆ. ವೇಗ ಅರವತ್ತು ದಾಟಲಿಲ್ಲ. ತಪ್ಪಿಹೋದ ಕಡೆ ‘ಈ ಮಾತು ವರದಿಗಾರನಿಗೆ ಕೇಳಿಸಿಲ್ಲ’ ಎಂದು ಟೈಪ್ ಮಾಡಿದೆ. ಇಂಥ ಸಾಲು ವರದಿಗೆ ಕುಂದು ಎಂದು ಮೇಲಧಿಕಾರಿಗಳು ಗದರಿದ್ದುಂಟು. ಕುಂದು ಹೌದು. ಆದರೆ ಅದು ನನ್ನದೆಂದು ಓದಿದವರಿಗೆ ತಿಳಿಯುತ್ತದೆ; ವೇದಿಕೆಯ ಮೇಲೆ ನಿಂತವರ ತಲೆಗೆ ಅದರ ಹೊರೆ ಬೀಳುವುದಿಲ್ಲ.