ತೊರಗಲ್ ಹೊಂಡದ ಘನಫಲ

ಹನ್ನೆರಡು ವರ್ಷ ಮುತ್ತಿಗೆ ನಡೆದಾಗ ತೊರಗಲ್ ಕೋಟೆಯೊಳಗಿನ ಕಲ್ಲಿನ ಹೊಂಡವೊಂದೇ ಇಡೀ ದಂಡಿಗೆ ನೀರುಣಿಸಿತೆಂದು ಊರವರು ಹೇಳುತ್ತಿದ್ದರು. ನಾನು ಅದನ್ನು ಅಲ್ಲಗಳೆಯಲಿಲ್ಲ. ತೊಂಬತ್ತರ ದಶಕದ ಒಂದು ಮಾರ್ಚ್ ತಿಂಗಳಲ್ಲಿ, ಹೊಂಡ ಬತ್ತಿದ್ದಾಗ, ಘನಫಲ ಕಲಿಸಲು ಏಳನೆಯ ತರಗತಿಯನ್ನು ಅಲ್ಲಿಗೆ ಕರೆದೊಯ್ದೆ, ಅಷ್ಟೆ.

ಮಕ್ಕಳು ಉದ್ದ, ಅಗಲ, ಆಳಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿದರು. ಮೀಟರಿಗೆ ನೂರು ಸೆಂಟಿಮೀಟರಲ್ಲವೇ ಎಂದು, ಘನಮೀಟರಿಗೂ ನೂರರಿಂದಲೇ ಭಾಗಿಸಿದರು. ಹತ್ತು ಲಕ್ಷದಿಂದ ಭಾಗಿಸಬೇಕೆಂದು ವಾರಗಟ್ಟಲೆ ಹೇಳಿದ್ದೆ. ನೆನಪಿಟ್ಟವಳು ನೀಲವ್ವ ಒಬ್ಬಳೇ. ಅವಳ ಲೆಕ್ಕದಂತೆ ಆ ನೀರು ದಂಡಿಗೆ ಒಂದು ತಿಂಗಳಿಗೂ ಸಾಲದು.

ಅವಳ ಅಜ್ಜ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದರು. ಅವಳನ್ನು ರಾಮದುರ್ಗದ ಹೈಸ್ಕೂಲಿಗೆ ಕಳಿಸಬೇಕೋ ಬೇಡವೋ ಎಂಬ ನಿರ್ಧಾರ ಅವರ ಕೈಯಲ್ಲೇ ಇತ್ತು.

"ತಿಂಗಳಾ? ನಮ್ಮ ಹಿರಿಯಾರು ಸುಳ್ಳ ಹೇಳ್ಯಾರೇನ್ರಿ ಅಕ್ಕೋರ? ಇದನ್ನ ಕಲಸಾಕ ಸಾಲಿ ಬೇಕೇನು?"

ನಾನು ಬಾಯಿ ತೆರೆಯುವ ಮೊದಲೇ ನೀಲವ್ವ ಮೆಟ್ಟಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಲೆಕ್ಕವನ್ನು ಅಂಗೈಯಿಂದ ಒರೆಸಿ, ನೂರರಿಂದ ಭಾಗಿಸಿದಳು.

"ತಪ್ಪಾಗಿತ್ತು ಅಜ್ಜಾ. ಹನ್ನೆರಡು ವರ್ಷ ಕುಡದ್ರೂ ಮಿಗತೈತಿ."

ಆಮೇಲೆ ನನ್ನತ್ತ ಬಾಗಿ, "ಸುಮ್ನಿರ್ರಿ ಅಕ್ಕೋರ, ಸಾಲಿ ಬಿಡಸ್ತಾನ" ಎಂದು ಪಿಸುಗುಟ್ಟಿದಳು.

ಅಜ್ಜನ ಮುಖ ಅರಳಿತು. "ಭೇಷ್! ಕಲಿಯೂದೆಲ್ಲಾ ಕಲತಾಳ ನಮ್ಮ ನೀಲಿ. ಇನ್ನ ಹೈಸ್ಕೂಲ್ ಯಾಕ ಬೇಕ್ರಿ?"

ನಾನು ಎಷ್ಟು ಬೇಡಿಕೊಂಡರೂ ಅವರು ಬಗ್ಗಲಿಲ್ಲ. ಸರಿಯುತ್ತರಕ್ಕೆ ಸಿಗಬಹುದಾಗಿದ್ದ ಶಿಕ್ಷೆಯೇ ತಪ್ಪುತ್ತರಕ್ಕೆ ಬಹುಮಾನವಾಗಿ ಬಂದಿತ್ತು. ಜೂನ್‌ನಲ್ಲಿ ಗೆಳತಿಯರು ರಾಮದುರ್ಗದ ಬಸ್ಸು ಹತ್ತಿದಾಗ ನೀಲವ್ವ ಕಳೆ ತೆಗೆಯಲು ಹೊಲಕ್ಕೆ ಹೋದಳು.

ಪಾಲಕರೊಬ್ಬರು ನನ್ನ ಪಾಠವನ್ನು ಮನಸಾರೆ ಮೆಚ್ಚಿಕೊಂಡಿದ್ದು ಮಾತ್ರ ಅದೊಂದೇ ಸಲ.