ಬಲಗಡೆಯ ಕೀಗಳು

ಬೆಳಗಿನ ಬಸ್ಸಿಗೆ ಹೊರಡುವ ಮುಂಚೆ ನನ್ನ ತಂಗಿ ಬಲಗೈ ಬೆರಳುಗಳನ್ನು ಮಡಚಿ, ಬಿಚ್ಚಿ ನೋಡಿಕೊಳ್ಳುತ್ತಾಳೆ. ಕಳೆದ ಚಳಿಗಾಲದವರೆಗೆ ಅವಳಿಗೆ ಈ ಅಭ್ಯಾಸ ಇರಲಿಲ್ಲ. ಅದನ್ನು ಹಚ್ಚಿದವನು ನಾನು. ಕಂಡಾಗಲೆಲ್ಲ ಬೇರೆ ಕಡೆ ತಿರುಗುತ್ತೇನೆ.

ಹಳೇಬೀಡಿನಲ್ಲಿ ನನ್ನದು ಮೋಟಾರು ರಿಪೇರಿ ಅಂಗಡಿ. ಸುಟ್ಟ ಪಂಪುಸೆಟ್ಟಿಗೆ ತಾಮ್ರದ ತಂತಿ ಸುತ್ತಿಕೊಡುತ್ತೇನೆ, ಬೇರಿಂಗ್ ಬದಲಿಸುತ್ತೇನೆ. ಎಂಟನೇ ಕ್ಲಾಸಿನ ನಡುವೆ ಶಾಲೆ ಬಿಟ್ಟವನು. ತಂಗಿ ಪಿಯುಸಿ ಮುಗಿಸಿ ಬೇಲೂರಿನ ಒಂದು ಟೈಪಿಂಗ್ ಅಂಗಡಿಯಲ್ಲಿ ಕೂರುತ್ತಾಳೆ. ಕ್ರಯಪತ್ರ, ವಿಭಾಗಪತ್ರ, ಅಫಿಡವಿಟ್ಟು, ಎಲ್ಲ ಅವಳ ಕೈಯಿಂದಲೇ ಆಗಬೇಕು. ಶಾಲೆಗೆ ಹೋಗುವ ಕಾಲದಲ್ಲಿ ತೆಂಗಿನಕಾಯಿ ತುಂಬಿದ ಟ್ರಾಕ್ಟರಿನಿಂದ ಬಿದ್ದು ಅವಳ ಬಲ ಮೊಣಕೈ ಮುರಿದಿತ್ತು. ಮೂಳೆ ಕೂಡಿತು, ನರಕ್ಕೆ ಬಿದ್ದ ಪೆಟ್ಟು ಹೋಗಲಿಲ್ಲ. ಉಂಗುರದ ಬೆರಳು, ಕಿರುಬೆರಳು ಎರಡಕ್ಕೂ ಬಲ ಕಡಿಮೆ. ಅಂಗಡಿಯ ಗಟ್ಟಿ ಕೀಬೋರ್ಡನ್ನು ಕುಟ್ಟಿ ಕುಟ್ಟಿ ಮಧ್ಯಾಹ್ನದ ಹೊತ್ತಿಗೆ ಅವಳ ಕೈ ಜೋತುಬೀಳುತ್ತಿತ್ತು.

ಆಗ ಅವಳೇ ಫೋನಿನಲ್ಲಿ ಹುಡುಕಿ ಒಂದು ಮೆಕ್ಯಾನಿಕಲ್ ಕೀಬೋರ್ಡು ತರಿಸಿಕೊಂಡಳು. ಅದರಲ್ಲಿ ಪ್ರತಿ ಕೀಗೂ ಕೆಳಗೆ ಬೇರೆ ಬೇರೆ ಸ್ವಿಚ್ಚು, ಸ್ವಿಚ್ಚಿನೊಳಗೆ ಒಂದು ಪುಟಾಣಿ ಸ್ಪ್ರಿಂಗು. ಬೇಕಾದ ಸ್ವಿಚ್ಚನ್ನು ಕಿತ್ತು, ಬಿಚ್ಚಿ, ಸ್ಪ್ರಿಂಗು ಬದಲಿಸಿ ಮತ್ತೆ ಸಿಕ್ಕಿಸಬಹುದು. ನನಗೂ ಅದು ಹಿಡಿಸಿತು. ಬಿಚ್ಚಲು ಬರುವ ಸಾಮಾನೆಂದರೆ ನನಗೆ ಮರ್ಯಾದೆ. ಕನ್ನಡ ಅಕ್ಷರದ ಸ್ಟಿಕ್ಕರು ಅಂಟಿಸಿ, ಬಟ್ಟೆ ಚೀಲದಲ್ಲಿ ಹಾಕಿಕೊಂಡು ಅವಳು ದಿನಾ ಬೇಲೂರಿಗೆ ಒಯ್ಯುತ್ತಿದ್ದಳು.

“ಏನಮ್ಮ, ಹಾರ್ಮೋನಿಯಂ ಇವತ್ತೂ ಬಂತಾ? ಅದಕ್ಕೂ ಟಿಕೆಟ್ ಹರೀಲಾ?” ಎಂದು ಕಂಡಕ್ಟರು ರೇಗಿಸುತ್ತಿದ್ದ.

“ಫ್ರೀ ಬಸ್ಸಲ್ವೇನ್ರೀ, ಇದೂ ಹೆಂಗಸೇ,” ಅನ್ನುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಅವಳು ಇನ್ನೂ ಹಗುರವಾದ ಸ್ಪ್ರಿಂಗು ತರಿಸಿದಳು. ಜೊತೆಗೆ ಒಂದು ಚಿಕ್ಕ ಡಬ್ಬಿ ಗ್ರೀಸು, ಚಿತ್ರ ಬರೆಯುವಂಥ ಸಣ್ಣ ಬ್ರಷ್ಷು. ಅವಳೂ ಅವ್ವನೂ ಬಿಕ್ಕೋಡಿಗೆ ಮದುವೆಗೆ ಹೊರಟಿದ್ದರು. ಬರುವುದರೊಳಗೆ ಎಲ್ಲಾ ಸ್ವಿಚ್ಚು ಬಿಚ್ಚಿ ಗ್ರೀಸು ಸವರಿ, ಸ್ಪ್ರಿಂಗು ಬದಲಿಸಿಡು ಎಂದು ನನಗೆ ಒಪ್ಪಿಸಿದಳು.

“ತೆಳ್ಳಗೆ ಕಣಣ್ಣ. ಬ್ರಷ್ಷಲ್ಲಿ ಗ್ರೀಸು ಐತೋ ಇಲ್ವೋ ಅನ್ನೋ ಹಂಗೆ.”

“ಗ್ರೀಸು ಹಾಕೋದು ನನಗೆ ಹೇಳ್ಕೊಡ್ತೀಯೇನೇ? ಹೋಗು, ಮದುವೆ ಊಟ ಉಣ್ಣು.”

ಮೋಟಾರಿನ ಬೇರಿಂಗಿಗೆ ನಾವು ಬೆರಳಲ್ಲಿ ತೆಗೆದು ಗ್ರೀಸು ತುಂಬುತ್ತೇವೆ. ಕಡಿಮೆಯಾದರೆ ಬೇರಿಂಗು ಕೂಗುತ್ತದೆ. ಕೈಗೆ ಅದೇ ರೂಢಿ. ಎಡಗಡೆಯ ಕೀಗಳಿಂದ ಶುರು ಮಾಡಿದವನು ಧಾರಾಳವಾಗಿ ಮೆತ್ತುತ್ತಾ ಹೋದೆ. ನಡುವಿಗೆ ಬರುವಷ್ಟರಲ್ಲಿ ಡಬ್ಬಿಯ ತಳ ಕಂಡಿತು. ಆ ಗ್ರೀಸು ಹಾಸನದಲ್ಲೂ ಸಿಗುವುದಿಲ್ಲ. ಮಾರನೆಯ ಬೆಳಿಗ್ಗೆ ಅವಳಿಗೆ ಕೀಬೋರ್ಡು ಬೇಕು. ಫೋನು ಮಾಡಿ ಮುಗಿದುಹೋಯಿತು ಎಂದಿದ್ದರೆ ಅವಳು ನಗುತ್ತಿದ್ದಳು, ಅಷ್ಟೇ. ಆ ನಗು ನನಗೆ ಬೇಡವಾಯಿತು.

ಗಂಡಸಿ ಊರಿನ ಸೋದರಮಾವನ ಮನೆಯಿಂದ ನಮಗೆ ಗಾಣದ ಕೊಬ್ಬರಿ ಎಣ್ಣೆ ಬರುತ್ತದೆ. ತಲೆಗೂ ಅದೇ, ಬಾಗಿಲ ಕೀಲಿಗೂ ಅದೇ, ಬೀಗಕ್ಕೂ ಅದೇ. ಆ ಸೆಕೆಯಲ್ಲಿ ನೀರಿನ ಹಾಗೆ ಹರಿಯುತ್ತಿತ್ತು. ಉಳಿದ ಸ್ವಿಚ್ಚುಗಳಿಗೆಲ್ಲ ಅದನ್ನೇ ಬಿಟ್ಟು ಮುಚ್ಚಿದೆ. ಒತ್ತಿ ನೋಡಿದರೆ ಎಡಗಡೆಗಿಂತ ಬಲಗಡೆಯೇ ನಯವಾಗಿತ್ತು. ತಂಗಿ ಬಂದು ಬೆರಳಾಡಿಸಿ, “ನಮ್ಮಣ್ಣನ ಕೈಗೆ ಬಿದ್ರೆ ಕಲ್ಲೂ ಬೆಣ್ಣೆ,” ಅಂದಳು. ಖಾಲಿ ಡಬ್ಬಿ ಎಸೆದೆ ಎಂದಷ್ಟೇ ಹೇಳಿದೆ, ಎಣ್ಣೆಯ ಮಾತೆತ್ತಲಿಲ್ಲ.

ಮಳೆಗಾಲ ಹೀಗೇ ಕಳೆಯಿತು. ದೀಪಾವಳಿ ಆದಮೇಲೆ ಚಳಿ ಇಳಿಯಿತು. ತಂಗಿ ಸಂಜೆ ಬಂದವಳು ಮೊಣಕೈ ಉಜ್ಜಿಕೊಂಡು ಕೂರತೊಡಗಿದಳು. ಕೇಳಿದರೆ “ಏನಿಲ್ಲ” ಅನ್ನುವಳು. ಒಂದು ದಿನ ಊಟಕ್ಕೆ ಕೂತಾಗ ತಾನಾಗಿ ಬಾಯಿ ಬಿಟ್ಟಳು.

“ಬೆಳಿಗ್ಗೆ ಹೊತ್ತು ಈ ಎರಡು ಬೆರಳು ಏಳೋದೇ ಇಲ್ಲ ಅಣ್ಣ. ಒತ್ತಿದ ಅಕ್ಷರ ಎರಡೆರಡು ಸಲ ಬೀಳ್ತದೆ. ಇವತ್ತು ಕ್ರಯಪತ್ರದ ಸರ್ವೆ ನಂಬರಲ್ಲಿ ಒಂಬತ್ತು ಎರಡು ಸಲ ಬಿದ್ದಿತ್ತು. ಸಹಿ ಹಾಕೋಕೆ ಮುಂಚೆ ಓನರು ನೋಡಿದ್ರು ಸದ್ಯ. ‘ಯಾರ ಹೊಲ ಯಾರಿಗೆ ಬರ್ಕೊಡ್ತೀಯಮ್ಮ’ ಅಂತ ಎಲ್ರ ಮುಂದೇನೇ ಅಂದ್ರು.”

“ಮಧ್ಯಾಹ್ನ?” ಅಂದೆ.

“ಮಧ್ಯಾಹ್ನ ಸರಿಹೋಗ್ತದೆ. ನರ ಮತ್ತೆ ಹಿಡ್ಕೊಳ್ತಾ ಐತೆ ಅನ್ಸುತ್ತೆ.”

ಅವ್ವ ತುತ್ತು ಬಿಟ್ಟು ಅವಳ ಕೈ ಹಿಡಿದುಕೊಂಡಳು. ನಾನೂ ಆಗ ನರವೆಂದೇ ನಂಬಿದೆ, ಸುಳ್ಳಲ್ಲ.

ಅದಾದ ಮೇಲೊಂದು ಬೆಳಿಗ್ಗೆ ಸ್ನಾನಕ್ಕೆ ಮುಂಚೆ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಬಾಟಲಿ ಬಗ್ಗಿಸಿದೆ. ಹನಿಯೂ ಬೀಳಲಿಲ್ಲ. ಮೇಣದ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಚಿಕ್ಕಂದಿನಿಂದ ಪ್ರತಿ ಚಳಿಗಾಲ ಆ ಬಾಟಲಿಯನ್ನು ಬಿಸಿಲಿಗಿಟ್ಟವನು ನಾನೇ. ಹಾಗಿದ್ದೂ ಬೇಸಿಗೆಯಲ್ಲಿ ಅದನ್ನು ಸ್ವಿಚ್ಚಿಗೆ ಬಿಡುವಾಗ ಇದು ನೆನಪಾಗಿರಲಿಲ್ಲ. ಬಚ್ಚಲಲ್ಲೇ ನಿಂತುಬಿಟ್ಟೆ. ಬೆಳಿಗ್ಗೆ ಕಷ್ಟ, ಮಧ್ಯಾಹ್ನ ಸಲೀಸು. ಬಲಗಡೆ ಮಾತ್ರ.

ತಂಗಿ ಹಿತ್ತಿಲಲ್ಲಿದ್ದಳು. ಅವಳ ಚೀಲ ತೆಗೆದು ಕೀಗಳನ್ನು ಒತ್ತಿ ನೋಡಿದೆ. ಎಡಗಡೆಯವು ಚಿಮ್ಮಿ ಬಂದವು. ಬಲಗಡೆಯವು ಸೊಂಟ ಹಿಡಿದ ಮುದುಕ ಏಳುವ ಹಾಗೆ ನಿಧಾನಕ್ಕೆ ಎದ್ದವು. ಅವಳ ಹೆಜ್ಜೆ ಸದ್ದು ಕೇಳಿ ಚೀಲ ಮುಚ್ಚಿ ಇಟ್ಟೆ.

ಹೇಳಲಿಲ್ಲ. ಸಂಜೆ ಹೇಳೋಣ ಅಂದುಕೊಂಡೆ. ಸಂಜೆ ಅವಳ ಮುಖ ನೋಡಿ, ಗುಟ್ಟಾಗಿ ತೊಳೆದು ಸರಿಮಾಡಿಬಿಟ್ಟರೆ ಸಾಕು, ಹೇಳುವುದೇ ಬೇಡ ಅನ್ನಿಸಿತು. “ಆ ಕೀಬೋರ್ಡು ಕೊಡು ಒಂದ್ಸಲ, ಸರ್ವೀಸ್ ಮಾಡ್ತೀನಿ,” ಅಂದೆ.

“ಅದಕ್ಕೇನಾಗಿದೆ? ನೀನು ಮಾಡಿದ್ದು ಚೆನ್ನಾಗೇ ಐತೆ. ಕೆಟ್ಟಿರೋದು ನನ್ನ ಕೈ,” ಅಂದಳು. ಮನೆಯಲ್ಲಿದ್ದಾಗಲೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿಗೆ ಅಭ್ಯಾಸ ಕೊಡುತ್ತಿದ್ದಳು. ಆ ಸದ್ದು ಗೋಡೆಯಾಚೆ ನನ್ನ ಕಿವಿಗೆ ಬೀಳುತ್ತಿತ್ತು. ಸರಿಯಾಗಿ ಒಂದು ಸಾಲು, ಆಮೇಲೆ ತಡವರಿಕೆ, ಆಮೇಲೆ ಸುಮ್ಮನೆ. ಸುಮ್ಮನಾದಾಗ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದೆ. ಅವಳು ಬೆರಳು ನೋಡಿಕೊಳ್ಳುತ್ತಿದ್ದಾಳೆ ಎಂದು ಗೊತ್ತಿತ್ತು.

ಹಾಸನದ ಡಾಕ್ಟರ ಹತ್ತಿರ ಹೋಗೋಣವೆಂದು ಅವ್ವ ಹಠ ಹಿಡಿದಳು. ಕರೆದುಕೊಂಡು ಹೋದವನು ನಾನೇ. ದಾರಿಯುದ್ದಕ್ಕೂ ಹೇಳಬೇಕೆಂದು ಹೊರಟು ಬೇರೇನೋ ಮಾತಾಡಿದೆ. ಡಾಕ್ಟರು ಮೊಣಕೈ ಒತ್ತಿ, ಬೆರಳು ಹಿಡಿಸಿ ನೋಡಿದರು. ಕೆಲಸದಲ್ಲಿ ಹೊಸದಾಗಿ ಏನಾದರೂ ಬದಲಾಗಿದೆಯೇ ಎಂದು ಕೇಳಿದರು.

“ಇಲ್ಲ ಸಾರ್. ಅದೇ ಕುರ್ಚಿ, ಅದೇ ಕೀಬೋರ್ಡು. ನಮ್ಮಣ್ಣನೇ ರೆಡಿ ಮಾಡ್ಕೊಟ್ಟಿದ್ದು.”

ಡಾಕ್ಟರು ನನ್ನ ಕಡೆ ನೋಡಿದರು. ಹೇಳಬೇಕಾದ ಹೊತ್ತು ಅದೇ. ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಹೌದೆಂದು ತಲೆಯಾಡಿಸಿದೆ.

ಅವರು ನರದ ಪರೀಕ್ಷೆಗೆ ಬರೆದುಕೊಟ್ಟರು. ನರ ಒತ್ತಿಕೊಳ್ಳುತ್ತಿದ್ದರೆ ಮೊಣಕೈ ಆಪರೇಷನ್ ಮಾಡಬೇಕಾದೀತು ಎಂದರು. ಮೆಷಿನ್ನಿಗೆ ಜನ ಸಾಲುಗಟ್ಟಿದ್ದರಿಂದ ತಾರೀಕು ದೂರಕ್ಕೆ ಬಿತ್ತು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ತಂಗಿ ಹೇಳಿದಳು, “ಓನರಿಗೆ ನಾಳೆ ಹೇಳಿಬಿಡ್ತೀನಿ. ಟೈಪಿಗೆ ಬೇರೆಯವರನ್ನ ನೋಡ್ಕೊಳ್ಳಿ, ನಾನು ಜೆರಾಕ್ಸ್ ಮಾಡ್ಕೊಂಡಿರ್ತೀನಿ ಅಂತ. ಅವರೇ ಹೇಳೋಕೆ ಮುಂಚೆ ನಾನೇ ಹೇಳೋದು ಮರ್ಯಾದೆ.”

ಬೆಳಿಗ್ಗೆ ಅವಳ ಹಿಂದೆಯೇ ಬಸ್ ಸ್ಟ್ಯಾಂಡಿಗೆ ಹೋದೆ. ಬೇಲೂರಿನ ಬಸ್ಸು ಇನ್ನೂ ಬಂದಿರಲಿಲ್ಲ.

“ಓನರಿಗೆ ಏನೂ ಹೇಳ್ಬೇಡ. ನಿನ್ನ ಕೈಗೆ ಏನೂ ಆಗಿಲ್ಲ.”

“ಸಮಾಧಾನ ಮಾಡೋಕೆ ಇಲ್ಲೀವರೆಗೂ ಬಂದ್ಯಾ?”

“ಸಮಾಧಾನ ಅಲ್ಲ ಕಣೇ. ಗ್ರೀಸು ಅರ್ಧಕ್ಕೇ ಮುಗಿದೋಗಿತ್ತು. ಬಲಗಡೆ ಕೀಗಳಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ.”

“ಏನು, ಜಡೆ ಹಾಕೋಕಾ?” ಎಂದು ನಕ್ಕಳು. ಆ ನಗು ಮುಖದಲ್ಲಿ ಪೂರ್ತಿಯಾಗಲಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಕೇಳಿದಳು, “ನಿನಗೆ ಯಾವಾಗ ಗೊತ್ತಾಯ್ತು?”

ನಾನು ಹೆದರಿದ್ದದ್ದು ಈ ಪ್ರಶ್ನೆಗೇ.

“ಹಾಸನಕ್ಕೆ ಹೋಗೋಕೆ ಮುಂಚೆ.”

“ಡಾಕ್ಟ್ರು ಕೇಳ್ದಾಗ ನಿಂಗೆ ಗೊತ್ತಿತ್ತು.”

“ಗೊತ್ತಿತ್ತು.”

ಬಸ್ಸು ಬಂತು. ಕಂಡಕ್ಟರು ಹಾರ್ಮೋನಿಯಂ ಅಂತ ಏನೋ ಅಂದ. ಅವಳು ಅವನನ್ನು ದಾಟಿ ಹತ್ತಿದಳು.

ಓನರಿಗೆ ಅವಳು ಹೇಳಲಿಲ್ಲ. ಹೊಸ ಗ್ರೀಸು ಬರುವವರೆಗೆ ಬೆಳಿಗ್ಗೆ ಅಂಗಡಿಯ ಗಟ್ಟಿ ಕೀಬೋರ್ಡಿನಲ್ಲೇ ಕೈ ನೋಯಿಸಿಕೊಂಡು, ಬಿಸಿಲೇರಿದ ಮೇಲೆ ತನ್ನದು ತೆಗೆಯುತ್ತಿದ್ದಳು. ನನ್ನ ಜೊತೆ ಮಾತು ಊಟಕ್ಕೆ ಕರೆಯುವಷ್ಟೇ. ಗ್ರೀಸು ಬಂದ ಭಾನುವಾರ ಜಗುಲಿಯಲ್ಲಿ ಹಳೇ ಸೀರೆ ಹಾಸಿಕೊಂಡು ಒಂದೊಂದೇ ಸ್ವಿಚ್ಚು ಕಿತ್ತಳು. ಬಿಚ್ಚಿದ ಭಾಗಗಳನ್ನು ಸೋಪಿನ ಬಿಸಿನೀರಲ್ಲಿ ತೊಳೆದು ಮೊರದಲ್ಲಿ ಒಣಗಲು ಹರವಿದಳು. ಎಣ್ಣೆ ಧೂಳು ಹಿಡಿದು ಕಂದು ಅಂಟಾಗಿತ್ತು, ಕಮಟು ವಾಸನೆ. ನಾನು ಚಿಮಟ ಹಿಡಿದು ಹತ್ತಿರ ಕೂತೆ.

“ಬಿಡು, ನಾನೇ ಮಾಡ್ಕೊಳ್ತೀನಿ.”

ಆ ಸೋತ ಬೆರಳುಗಳಲ್ಲೇ ಸ್ಪ್ರಿಂಗು ಹಿಡಿದು, ಬ್ರಷ್ಷಿನ ತುದಿ ತಾಕಿಸಿದಷ್ಟೇ ಗ್ರೀಸು ಸವರಿದಳು. ಎಡಗಡೆಯ ಸ್ವಿಚ್ಚುಗಳಿಂದ ನಾನು ಮೆತ್ತಿದ್ದನ್ನೂ ಒರೆಸಿದಳು. ಸಿಕ್ಕಿಸುವಾಗ ಒಂದರ ತಂತಿ ಕಾಲು ಮಡಚಿಕೊಂಡು ಕೀ ಕೆಲಸ ಮಾಡಲಿಲ್ಲ. ನೇರ ಮಾಡಿಕೊಡಲು ಕೈ ಚಾಚಿದೆ, ಕೊಡಲಿಲ್ಲ. ಅದನ್ನೂ ಅವಳೇ ನೆಟ್ಟಗೆ ಮಾಡಿದಳು.

ಮಾರನೆಯ ದಿನ ಸಂಜೆ ಬಾಗಿಲಲ್ಲೇ ಕೇಳಿದೆ, “ಸರಿಹೋಯ್ತಾ?”

“ಕೀ ಸರಿಹೋದ್ವು.”

“ಮತ್ತೆ ಆ ಪರೀಕ್ಷೆ ಯಾಕೆ? ಬೇಡ ಅಂತ ಹೇಳಿಬಿಡೋಣ.”

“ಬೇಡ. ಕೈ ಚೆನ್ನಾಗೈತೆ ಅಂತ ನಿನ್ನ ಮಾತು ಕೇಳಿ ಕೂರೋ ಹಂಗಿಲ್ಲ ಈಗ. ನನ್ನ ಕೈ ಮಾತೂ ನಂಗೆ ನಂಬಿಕೆ ಬರ್ತಿಲ್ಲ. ಮೆಷಿನ್ನು ಏನ್ ಹೇಳ್ತದೋ ಹೇಳ್ಲಿ.”

ಪರೀಕ್ಷೆಯ ದಿನ ಅವ್ವನನ್ನು ಕರೆದುಕೊಂಡು ಹೋದಳು, ನನ್ನನ್ನು ಕರೆಯಲಿಲ್ಲ. ಅಂಗಡಿಯಲ್ಲಿ ಕೂತು ನಾನು ಒಂದು ಮೋಟಾರಿಗೆ ತಂತಿ ತಪ್ಪಾಗಿ ಸುತ್ತಿದೆ, ಬಿಚ್ಚಿದೆ, ಮತ್ತೆ ತಪ್ಪಿದೆ. ಎಣ್ಣೆಯದೇ ತಪ್ಪೆಂದು ನಂಬಿ ಪರೀಕ್ಷೆಯೇ ಬೇಡ ಅಂದಿದ್ದೆನಲ್ಲ, ನಿಜವಾಗಿಯೂ ನರವೇ ಸೋತಿದ್ದರೆ? ಆ ಯೋಚನೆ ಮೊದಲ ಸಲ ಬಂದದ್ದು ಅವತ್ತು. ಅವರೂ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ.

ಮನೆಗೆ ಹೋದಾಗ ಅವರು ಬಂದಿದ್ದರು. ಅಡುಗೆಮನೆಯಲ್ಲಿ ಮಾತು. ನಾನು ಚಪ್ಪಲಿ ಬಿಡುತ್ತಾ ಹೊರಗೇ ನಿಂತೆ.

“ನರದ ಪೆಟ್ಟು ಮೊದಲು ಎಷ್ಟಿತ್ತೋ ಅಷ್ಟೇ ಐತಂತೆ ಕಣವ್ವ. ಹೆಚ್ಚಾಗಿಲ್ಲ. ಆಪರೇಷನ್ ಬ್ಯಾಡವಂತೆ. ನೀನೇ ಕೇಳಿದೆಯಲ್ಲ, ಎಷ್ಟು ಸಲ ಹೇಳ್ಲಿ?”

“ಮತ್ತೆ ಆಗ ಯಾಕೆ ಹಂಗಾಗಿತ್ತೇ?”

ಒಲೆಯ ಮೇಲೆ ಪಾತ್ರೆ ಸರಿಸಿದ ಸದ್ದಾಯಿತು. ಅವ್ವನಿಗೆ ಅವಳು ಇಷ್ಟು ದಿನವೂ ಹೇಳಿಲ್ಲವೆಂದು ನನಗೆ ಆಗಲೇ ತಿಳಿದದ್ದು.

“ಚಳಿಗೆ ಅವ್ವ,” ಅಂದಳು ತಂಗಿ.

ಎಷ್ಟು ಸುಲಭವಾಗಿತ್ತು, ಅಲ್ಲೇ ಕೈಕಾಲು ತೊಳೆದುಕೊಂಡು ಸುಮ್ಮನಿದ್ದುಬಿಡುವುದು. ಕಾಲು ಆ ಕಡೆಗೇ ತಿರುಗಿತ್ತು ಕೂಡ. ಒಳಗೆ ಹೋದೆ. ಅವ್ವ ಸೊಪ್ಪು ಬಿಡಿಸುತ್ತಿದ್ದಳು. ತಂಗಿ ಒಲೆಯ ಕಡೆ ಮುಖ ಮಾಡಿದ್ದವಳು ತಿರುಗಲಿಲ್ಲ.

“ಚಳಿಗಲ್ಲ ಅವ್ವ,” ಅಂದೆ. ಅವ್ವನ ಕೈ ಸೊಪ್ಪಿನ ಮೇಲೆ ನಿಂತಿತು. ಡಬ್ಬಿ ಖಾಲಿಯಾದ ಕಡೆಯಿಂದ ಹೇಳತೊಡಗಿದೆ.