ಮೆಲ್ಲಗೆ ಹೋಗುತ್ತಿದ್ದ ಬಸ್ಸು

ನಮ್ಮಕ್ಕ ಆತುರಗೇಡಿಯಾಗಿದ್ದಳು ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಅವಳಷ್ಟು ನಿಧಾನದ ಹೆಂಗಸನ್ನು ನಾನು ನೋಡಿಲ್ಲ. ಬೀಗ ಹಾಕಿ, ಎಳೆದು ನೋಡಿ, ಮತ್ತೆ ತೆಗೆದು ಒಳಗೆ ಹೋಗಿ ಗ್ಯಾಸ್ ಆಫ್ ಮಾಡಿದ್ದೇನೆಯೇ ಎಂದು ನೋಡಿ ಬರುವವಳು. ಮಾದನಾಯಕನಹಳ್ಳಿಯ ನಮ್ಮ ಬಾಡಿಗೆ ಮನೆಯ ಮುಂದೆ ನಿಂತು "ಬಾ ತಾಯಿ, ಬಸ್ಸು ಹೋಗ್ಬಿಡುತ್ತೆ" ಎಂದು ದಿನಾ ಕೂಗುತ್ತಿದ್ದವಳು ನಾನು.

ಇಬ್ಬರೂ ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಕೂರುತ್ತಿದ್ದೆವು. ತುಮಕೂರು ರಸ್ತೆಯಲ್ಲಿ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ ಅದು. ಕಂಪನಿ ಬಾಡಿಗೆಗೆ ಹಿಡಿದಿದ್ದದ್ದು ಒಂದೇ ಬಸ್ಸು. ನಮ್ಮನ್ನು ಇಳಿಸಿ, ದಾಸರಹಳ್ಳಿಗೆ ಓಡಿ, ಅಲ್ಲಿನವರನ್ನು ಬೆಲ್ಲು ಹೊಡೆಯುವುದರೊಳಗೆ ತಂದು ಬಿಡಬೇಕು. ಬೆಲ್ಲಾದರೆ ಗೇಟು ಮುಚ್ಚುತ್ತಿತ್ತು. ಆದ್ದರಿಂದ ಡ್ರೈವರು ಬಸ್ಸನ್ನು ನಿಲ್ಲಿಸುತ್ತಲೇ ಇರಲಿಲ್ಲ. ಗೇಟಿನ ಹತ್ತಿರ ನಿಧಾನ ಮಾಡುತ್ತಿದ್ದ, ಅಷ್ಟೇ. ಬಸ್ಸು ಉರುಳುತ್ತಿರುವಾಗಲೇ ನಾವು ಒಬ್ಬೊಬ್ಬರಾಗಿ ಇಳಿಯಬೇಕು, ಒಂದು ಕೈಯಲ್ಲಿ ಟಿಫಿನ್ ಬ್ಯಾಗು, ಇನ್ನೊಂದರಲ್ಲಿ ಸೆರಗು. ಹೊಸದಾಗಿ ಸೇರಿದವರಿಗೆ ಮೆಷಿನ್ನಿಗಿಂತ ಮೊದಲು ನಾವು ಕಲಿಸುತ್ತಿದ್ದದ್ದು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ಇಳಿಯುವುದನ್ನು. ಅದನ್ನೇ ದೊಡ್ಡ ವಿದ್ಯೆ ಎಂದುಕೊಂಡು ನಗುತ್ತಿದ್ದೆವು ಬೇರೆ.

ಅವತ್ತು ನಾನು ಮೊದಲು ಇಳಿದೆ. ನನ್ನ ಹಿಂದೆ ನಮ್ಮ ಲೈನಿನಲ್ಲೇ ಕೂರುವ ಯಾದಗಿರಿ ಕಡೆಯ ಹುಡುಗಿ ಇಳಿದಳು. ಆಮೇಲೆ ಅಕ್ಕ. ಅವಳ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿತ್ತು, ಸೆರಗು ಬಾಗಿಲ ಕೊಂಡಿಗೆ ಸಿಕ್ಕಿತ್ತು. ಡ್ರೈವರು ಕನ್ನಡಿಯತ್ತ ನೋಡದೆ ಬಸ್ಸನ್ನು ಮುಂದಕ್ಕೆ ಬಿಟ್ಟ. ನಾನು ಕಿರುಚಿದೆ. ಹಿಂದಿನ ಚಕ್ರ ಅವಳ ಮೇಲೆ ಹತ್ತಿದ ಮೇಲೆ ಬಸ್ಸು ನಿಂತಿತು.

ಮಣ್ಣು ಮಾಡಿದ ದಿನವೇ ಮಾತು ಶುರುವಾಯಿತು. ಬಸ್ಸು ನಿಲ್ಲುವ ಮುಂಚೆ ಇಳಿದರೆ ಯಾರೇನು ಮಾಡೋಕಾಗುತ್ತೆ ಎಂದರು ಕಂಪನಿಯಿಂದ ಹಾರ ಹಿಡಿದು ಬಂದಿದ್ದವರು. ಅಕ್ಕನ ಅತ್ತೆ ಮೂಗೊರೆಸಿಕೊಂಡು, "ಅವ್ಳಿಗೆ ಮೊದ್ಲಿಂದ್ಲೂ ಆತ್ರ ಕಣವ್ವ" ಎಂದುಬಿಟ್ಟರು. ಆ ಕ್ಷಣದಲ್ಲಿ ನನಗೆ ಅಳು ನಿಂತೇ ಹೋಯಿತು. ತಪ್ಪು ಅವಳದಲ್ಲ, ಡ್ರೈವರನದು ಎಂದು ಒಬ್ಬ ಜಡ್ಜು ಬಾಯಿಬಿಟ್ಟು ಹೇಳಬೇಕು. ನನಗೆ ಬೇಕಿದ್ದದ್ದು ಅದೊಂದೇ.

ಸ್ಟೇಷನ್ನಿನಲ್ಲಿ ನನ್ನ ಹೇಳಿಕೆ ಬರೆದುಕೊಂಡ ಪೇದೆ ಅದನ್ನು ಓದಿ ಹೇಳಿದ. ಚಾಲಕನು ಬಸ್ಸನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿದ್ದಾನೆ ಎಂದಿತ್ತು.

"ವೇಗ ಇರ್ಲಿಲ್ಲ ಸಾರ್. ಅವ್ನು ನಿಲ್ಲಿಸ್ಲಿಲ್ಲ, ಅದೇ ತಪ್ಪು" ಎಂದೆ.

"ಎಲ್ಲಾ ಆಕ್ಸಿಡೆಂಟ್‌ಗೂ ಹಿಂಗೇ ಬರೆಯೋದಮ್ಮ. ಕೋರ್ಟಲ್ಲಿ ಇದೇ ನಡೆಯೋದು" ಎಂದ. ಮಹಾ ತಿಳಿದವನು!

ಕೇಸು ವಿಚಾರಣೆಗೆ ಬರುವಷ್ಟರಲ್ಲಿ ಮೇಲ್ಸೇತುವೆ ಮುಗಿದು ಅದರ ಮೇಲೆ ಗಾಡಿಗಳು ಹಾರಾಡುತ್ತಿದ್ದವು. ಬಸ್ಸಿನ ತುಂಬ ಇದ್ದ ಹೆಂಗಸರನ್ನು ಸಾಕ್ಷಿ ಹೇಳಿ ಎಂದು ನಾನು ಒಬ್ಬೊಬ್ಬರನ್ನಾಗಿ ಕೇಳಿದೆ. "ನಾನು ಆ ಕಡೆ ತಿರುಗಿದ್ದೆ ಕಣೇ." "ನಂಗೆ ನಿದ್ದೆ ಹತ್ತಿತ್ತು." ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಕಣ್ಣು ಹೋಗಿತ್ತು! ನಾನು ಸಾಕ್ಷಿ ಹೇಳಿದರೆ, ತಂಗಿಯಲ್ಲವೇ, ಹೇಳದೆ ಇರುತ್ತಾಳೆಯೇ ಎಂದು ಡ್ರೈವರನ ವಕೀಲರು ಪಕ್ಕಕ್ಕೆ ತಳ್ಳಿದರು. ಉಳಿದದ್ದು ಯಾದಗಿರಿಯ ಹುಡುಗಿ. ಸೂಪರ್‌ವೈಸರ್ ಬೈದರೂ ರಜೆ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದಳು.

"ಬಸ್ಸು ಎಷ್ಟು ಸ್ಪೀಡಲ್ಲಿತ್ತಮ್ಮ?" ಎಂದರು ಅದೇ ವಕೀಲರು.

"ಸ್ಪೀಡ್ ಎಲ್ಲೀದ್ರಿ ಸರ, ಮೆಲ್ಲಕ ಹೊಂಟಿತ್ತು."

"ಅಂದ್ರೆ ಅತಿವೇಗ ಇರ್ಲಿಲ್ಲ?"

"ಇರ್ಲಿಲ್ರಿ. ಅಂವ ನಿಲ್ಲಸ್ಲಿಲ್ರಿ, ಅದಕ್ಕ..."

"ಕೇಳಿದ್ದಕ್ಕೆ ಮಾತ್ರ ಹೇಳಿ. ನಿಲ್ಲೋ ಮುಂಚೆನೇ ಇಳೀತಿದ್ರಾ ನೀವು?"

"ಹೌದ್ರಿ, ದಿನಾ ಹಂಗ ಇಳೀತಿದ್ವಿ."

ಡ್ರೈವರು ದಿನಾ ಮಾಡುತ್ತಿದ್ದ ತಪ್ಪು ಇದು ಎಂದು ತೋರಿಸಲು ಪಾಪ ಅವಳು ಹಾಗೆ ಹೇಳಿದ್ದು. ವಕೀಲರ ಮುಖ ಅರಳಿತು. ಪೊಲೀಸರು ಅತಿವೇಗ ಎನ್ನುತ್ತಾರೆ, ಅವರ ಸಾಕ್ಷಿಯೇ ಮೆಲ್ಲಗೆ ಎನ್ನುತ್ತಾಳೆ. ಚಲಿಸುವ ಬಸ್ಸಿನಿಂದ ಇಳಿಯುವುದು ಇವರ ಅಭ್ಯಾಸ, ಸತ್ತದ್ದು ಅದರಿಂದಲೇ ಎಂದು ವಾದ ಮುಗಿಸಿದರು. ನಮ್ಮ ಕಡೆಯ ಸರ್ಕಾರಿ ವಕೀಲರು ಒಂದು ಮರುಪ್ರಶ್ನೆ ಕೇಳಿದ್ದರೆ ಸಾಕಿತ್ತು: ನಿಲ್ಲಿಸಬೇಕಾಗಿದ್ದವನು ಯಾರು? ಅವರು ಮುಂದಿನ ಕೇಸಿನ ಫೈಲು ತಿರುವುತ್ತಿದ್ದರು. ಅವರ ಕೈಯಿಂದ ಅದನ್ನು ಕಿತ್ತು ಎಸೆಯಬೇಕು ಎನಿಸಿತ್ತು ನನಗೆ.

ಅನುಮಾನದ ಲಾಭ ಕೊಟ್ಟು ಡ್ರೈವರನನ್ನು ಬಿಟ್ಟರು. ಹೊರಗೆ ಮರದ ಕೆಳಗೆ ಅವನು ಟೀ ಕುಡಿಯುತ್ತಿದ್ದ. ಎದುರಿಗೆ ಹೋಗಿ ನಿಂತು, ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದೆ.

"ನಿಲ್ಲಿಸ್ತಾ ಕೂತ್ರೆ ಎರಡ್ನೇ ಟ್ರಿಪ್ ಬೆಲ್ಲಿಗೆ ಮುಟ್ಟಲ್ಲಮ್ಮ. ನಿಮ್ಗೇ ಗೊತ್ತಲ್ಲ" ಎಂದ. ಒಳಗೆ ಯಾರೂ ಕೇಳದ ಪ್ರಶ್ನೆಗೆ ಹೊರಗೆ ಎಷ್ಟು ಸಲೀಸಾಗಿ ಉತ್ತರ ಸಿಕ್ಕಿತು.

ಅಕ್ಕ ಹೋದಂದಿನಿಂದ ನಾನು ಸಿಟಿ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಮಾರನೆಯ ಬೆಳಗ್ಗೆ ಬೇಕೆಂದೇ ಕಂಪನಿ ಬಸ್ಸು ಹತ್ತಿದೆ. ಅದೇ ಡ್ರೈವರು. ಗೇಟು ಹತ್ತಿರ ಬಂದಾಗ ಮೆಟ್ಟಿಲಿಗೆ ಇಳಿದು, ಎರಡೂ ಕಡೆಯ ಕಂಬಿ ಹಿಡಿದು ಅಡ್ಡ ನಿಂತೆ.

"ನಿಲ್ಲಿಸಿದ್ಮೇಲೆ ಇಳೀತೀನಿ" ಎಂದೆ.

ಹಿಂದಿನಿಂದ ಬೆನ್ನಿಗೆ ಗುದ್ದುಗಳು ಬಿದ್ದವು. "ಇಳಿಯೇ, ಏನ್ ಬಂದೈತೆ ಇವ್ಳಿಗೆ?" ಅವತ್ತು ಏನನ್ನೂ ನೋಡದಿದ್ದವರಿಗೆಲ್ಲ ಈಗ ಎಂಥ ಗಂಟಲು! ಬಸ್ಸು ಗೇಟು ದಾಟಿ ಮುಂದೆ ಹೋಯಿತು. ನಾನು ಕದಲಲಿಲ್ಲ. ಬಯ್ದುಕೊಂಡೇ ಅವನು ಬ್ರೇಕು ಹಾಕಿದ. ಬಸ್ಸು ಪೂರ್ತಿ ನಿಂತಿತು. ನಾನು ಇಳಿದೆ, ಗೊಣಗುತ್ತ ಎಲ್ಲರೂ ಇಳಿದರು.

ನಾನು ಕೆಲಸಕ್ಕೆ ಹೋಗಲಿಲ್ಲ. ಸೆಕ್ಯೂರಿಟಿಯವನು ಏನೆಂದರೂ ಗೇಟಿನ ಒಳಗೆ ನಿಂತೇ ಇದ್ದೆ. ಬಸ್ಸು ದಾಸರಹಳ್ಳಿಗೆ ಹೋಗಿ ವಾಪಸ್ಸು ಬಂತು. ಎರಡನೇ ಟ್ರಿಪ್ಪಿನವರು ಇಳಿದು, ಒಳಗೆ ಬಂದು, ಹಾಜರಿ ಪಂಚ್ ಮಾಡಿ, ಮೆಟ್ಟಿಲು ಹತ್ತಿ ಹೋದರು. ಬೆಲ್ಲು ಇನ್ನೂ ಹೊಡೆದಿರಲಿಲ್ಲ.